ಇನ್ನೂ ಹಾಕೇ ಇಲ್ಲ

"ನೀರು ಕುಡಿಸ್ರಿ ಅಂತ ನೀವ ಹೇಳಿದ್ರಲ್ರೀ ಸಿಸ್ಟರ್! ಈಗ ನೋಡ್ರಿ, ಹೊಟ್ಟಿ ಹೆಂಗ ಆಗೈತಿ!"

ಹುಬ್ಬಳ್ಳಿಯ ಆ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಶಮೀಮ್ ಕೂಗಿದಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸ್ಟ್ರೆಚರಿನ ಮೇಲೆ ಅವಳ ಮಾವ ದಸ್ತಗೀರಸಾಬ ನದಾಫರು ಅರೆಗಣ್ಣು ಮಾಡಿಕೊಂಡು ಮಲಗಿದ್ದರು. ಮೈ ಸುಡುತ್ತಿತ್ತು. ಸಿಸ್ಟರ್ ಸಲೋಮಿ ಹಂಚಿನಮನಿಗೆ ಈ ಹೆಣ್ಣುಮಗಳು ಏನು ಹೇಳುತ್ತಿದ್ದಾಳೆಂದೇ ತಿಳಿಯಲಿಲ್ಲ. ದಸ್ತಗೀರಸಾಬರು ನಿವೃತ್ತ ಬಸ್ ಡ್ರೈವರ್. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿಕೊಂಡು ಹೋದ ತಿಂಗಳು ಅವಳ ವಾರ್ಡಿಗೇ ಬಂದಿದ್ದರು. ಅವಳೇ ಹೊಸ ನಮೂನೆಯ ಕ್ಯಾತಿಟರ್, ಎಂದರೆ ಮೂತ್ರ ಇಳಿಸುವ ನಳಿಕೆ, ಹಾಕಿ ಮನೆಗೆ ಕಳಿಸಿದ್ದಳು. ಆಮೇಲೆ ಮಾವನ ಜೊತೆಗಾಗಲಿ ಸೊಸೆಯ ಜೊತೆಗಾಗಲಿ ಒಂದು ಮಾತೂ ಆಡಿರಲಿಲ್ಲ.

"ನಾನಾ? ನಾ ಯಾವಾಗ ಹೇಳೀನಿ ಶಮೀಮಾ?"

"ನಿನ್ನೆ ಹೇಳೀರಿ, ಮೊನ್ನೆ ಹೇಳೀರಿ! ಚೀಲದಾಗ ಉಚ್ಚಿ ಬೀಳವಲ್ದು ಅಂದ್ರ, ನೀರು ಕಡಿಮಿ ಕುಡದಿರಬೇಕು, ಇನ್ನೊಂದು ತಂಬಿಗಿ ಕುಡಿಸ್ರಿ ಅಂದ್ರಿ. ಲುಂಗಿ ತೊಯ್ದೈತಿ ಅಂದ್ರ, ಸ್ವಲ್ಪ ಸೋರೂದು ಇರತೈತಿ, ಗಾಬರಿ ಆಗಬ್ಯಾಡ್ರಿ ಅಂದ್ರಿ. ಈಗ ನಾನಾ ಅಂತೀರಿ?"

ಸಲೋಮಿ ಮಾತು ಬೆಳೆಸದೆ ಪರದೆ ಎಳೆದು ಹೊದಿಕೆಯ ಕೆಳಗೆ ಕೈ ಹಾಕಿದಳು. ಹೊಕ್ಕುಳಿನ ಕೆಳಗೆ ಅಂಗೈ ಊರಿದರೆ ಎಳನೀರ ಕಾಯಿಯಷ್ಟು ಗಟ್ಟಿ. ಮೂತ್ರಕೋಶ ತುಂಬಿ ಹೊಟ್ಟೆಯ ನಡುವಿನವರೆಗೆ ಏರಿ ಕುಳಿತಿತ್ತು, ಸ್ಟ್ರೆಚರಿಗೆ ಕಟ್ಟಿದ ಚೀಲದಲ್ಲಿ ಮಾತ್ರ ತಳದಲ್ಲಿ ಕಾಣುವಷ್ಟೂ ಇರಲಿಲ್ಲ. ನಳಿಕೆ ಕಟ್ಟಿಕೊಂಡು ದಿನಗಳೇ ಆಗಿರಬೇಕು.

ಆಗ ರೋಗಿಯ ತೊಡೆಗೆ ಕಟ್ಟಿದ್ದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಮಾತಾಡಿತು.

"ಎಲ್ಲಾ ಚಲೋ ಐತ್ರಿ. ಮೈ ಸಡ್ಲ ಬಿಡ್ರಿ. ಇನ್ನೇನು ಹಗುರ ಆಗತೈತಿ."

ಅದು ಸಲೋಮಿಯ ದನಿ. ಅವಳ ಬಾಯಿ ಮುಚ್ಚಿತ್ತು. ಅವಳದೇ ಎಳೆತ, ಅವಳದೇ ರಾಗ, 'ಸಡ್ಲ' ಎನ್ನುವಾಗ ಅವಳು ತೆಗೆಯುವ ಸಣ್ಣ ಉಸಿರು ಕೂಡ ಇತ್ತು. ಜ್ವರದಲ್ಲಿ ತೇಲುತ್ತಿದ್ದ ದಸ್ತಗೀರಸಾಬರ ಹಣೆಯ ಗಂಟು ಆ ದನಿ ಕೇಳಿದ್ದೇ ಬಿಚ್ಚಿಕೊಂಡಿತು. "ಹೂಂ ನನ್ನವ್ವಾ, ಹಗುರ ಆತು," ಎಂದು ಗೊಣಗಿದರು. ಹೊಟ್ಟೆ ಒಡೆಯುವಂತೆ ತುಂಬಿದ ಮನುಷ್ಯ ಹಗುರವಾಯಿತು ಎನ್ನುತ್ತಿದ್ದಾನೆ!

ಕ್ಯಾತಿಟರ್ ಹಾಕುವ ಸಿಸ್ಟರುಗಳ ಹತ್ತಿರ ಒಂದು ಸುಳ್ಳಿದೆ. ಅದು ಯಾವ ಪಠ್ಯದಲ್ಲೂ ಇಲ್ಲ, ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತದೆ. ನಳಿಕೆ ತೂರಿಸುವಾಗ ರೋಗಿ ಹೆದರಿದನೋ, ಮೂತ್ರಕೋಶದ ಬಾಯಲ್ಲಿರುವ ಸ್ನಾಯು ಮುಷ್ಟಿಯ ಹಾಗೆ ಬಿಗಿದುಕೊಳ್ಳುತ್ತದೆ. ಆಗ ಒತ್ತಿದರೆ ನೋವು, ಕೆಲವೊಮ್ಮೆ ರಕ್ತ. ಅದಕ್ಕೇ ಸಿಸ್ಟರ್ ಮಾತು ತೆಗೆಯುತ್ತಾಳೆ. ಊರು ಯಾವುದು, ಮುಂಜಾನೆ ಏನು ತಿಂದಿರಿ, ಮೊಮ್ಮಕ್ಕಳು ಎಷ್ಟು. ನಡುವೆ, "ಇನ್ನೂ ಹಾಕೇ ಇಲ್ರಿ, ಬರೇ ಒರಸಾಕ್ಹತ್ತೀನಿ" ಎನ್ನುತ್ತಾಳೆ. ಹಾಗೆನ್ನುವಾಗ ನಳಿಕೆ ಅರ್ಧ ದಾರಿ ಸಾಗಿರುತ್ತದೆ. ಇನ್ನೂ ಹಾಕಿಲ್ಲವಲ್ಲ ಎಂದು ರೋಗಿ ಉಸಿರು ಬಿಡುತ್ತಾನೆ, ಸ್ನಾಯು ಸಡಿಲಾಗುತ್ತದೆ, ಉಳಿದರ್ಧ ಸುಮ್ಮನೆ ಜಾರಿ ಹೋಗುತ್ತದೆ.

ಈ ಸುಳ್ಳು ಹೇಳುವುದರಲ್ಲಿ ಸಲೋಮಿಯನ್ನು ಮೀರಿಸಿದವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಅವಳ ಕೈಗೆ ಬಂದ ದಿನ ದಸ್ತಗೀರಸಾಬರು ಎಲ್ಲ ಮುಗಿದ ಮೇಲೆ ನಕ್ಕುಬಿಟ್ಟಿದ್ದರು. "ಏನ ಸಿಸ್ಟರವ್ವಾ, ಇನ್ನೂ ಸ್ಟ್ಯಾಂಡ್ ಬಿಟ್ಟಿಲ್ಲ ಬಿಟ್ಟಿಲ್ಲ ಅಂತ ಊರ ಮುಟ್ಟಿಸಿಬಿಟ್ಟಿಯಲ್ಲ!"

ಅಂದು ಶಮೀಮ್ ಪರದೆಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ಮನೆಯ ರೀತಿಯೇ ಹಾಗೆ. ಮಗ ಗೋವಾಕ್ಕೆ ಲಾರಿ ಹೊಡೆಯುತ್ತಿದ್ದ, ಮನೆಯಲ್ಲಿ ಇರುವುದೇ ಅಪರೂಪ. ಹಾಗಂತ ಸೊಸೆಯ ಕೈಯಲ್ಲಿ ಮೂತ್ರದ ಚೀಲ ಮುಟ್ಟಿಸುವ ಪೈಕಿ ಅಲ್ಲ ದಸ್ತಗೀರಸಾಬರು. ಚೀಲದ ಮೇಲೆ ಟವೆಲ್ ಮುಚ್ಚಿಕೊಂಡು, ತಾವೇ ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಗ್ಗಿಸಿ ಬರುತ್ತಿದ್ದರು. "ನನ್ನ ಸೊಸಿ ಅಕಿ, ಆಯಾ ಅಲ್ಲ" ಎನ್ನುತ್ತಿದ್ದರು.

ಹೊಸ ಕ್ಯಾತಿಟರುಗಳ ಕಾಟ ಸಲೋಮಿಗೆ ಹೊಸದಲ್ಲ. ಬೆಳ್ಳಿ ಬಳಿದದ್ದು ಬಂತು, ಸೋಂಕು ತಗುಲುವುದಿಲ್ಲ ಎಂದರು, ತಗುಲಿತು. ಬಣ್ಣ ಬದಲಿಸುವುದು ಬಂತು, ಅದು ಬೀಟ್‌ರೂಟ್ ತಿಂದವರಿಗೂ ಜೀವ ಹೋಗುವ ಬಣ್ಣ ತೋರಿಸಿತು. ಕಟ್ಟಿಕೊಂಡರೆ ಸೀಟಿ ಹೊಡೆಯುವುದೊಂದು ಬಂತು. ರೋಗಿ ಕೆಮ್ಮಿದರೂ ಮಗ್ಗಲು ಬದಲಿಸಿದರೂ ಅದು ಹೊಡೆದದ್ದೇ ಹೊಡೆದದ್ದು. ಕೊನೆಗೆ ಸಿಸ್ಟರುಗಳು ಅದರ ಬಾಯಿಗೆ ಹತ್ತಿ ತುರುಕಿ ಕೂರಿಸಿದರು. ಇಷ್ಟೆಲ್ಲ ಆದ ಮೇಲೆ ಬಂದದ್ದು 'ಸಮಾಧಾನ'.

ಅದನ್ನು ತಂದವಳು ಅನಘಾ ಕುಲಕರ್ಣಿ, ಊರ ಹೊರಗಿನ ಕಂಪನಿಯೊಂದರ ಎಂಜಿನಿಯರ್, ಧಾರವಾಡದ ಹುಡುಗಿ. ಸಮಾಧಾನದ ಗೋಡೆಯಲ್ಲಿ ಕೂದಲಿಗಿಂತ ಸಣ್ಣ ತಂತಿಗಳಿದ್ದವು. ಮೂತ್ರಕೋಶ ಎಷ್ಟು ತುಂಬಿದೆ, ಅದರ ಬಾಯಿಯ ಸ್ನಾಯು ಎಷ್ಟು ಬಿಗಿದಿದೆ ಎಂದು ಅವು ಗಳಿಗೆ ಗಳಿಗೆಗೂ ಅಳೆಯುತ್ತಿದ್ದವು. ನಳಿಕೆ ಹಾಕಿಸಿಕೊಂಡವರಿಗೆ ಹಿಂಡಿದಂಥ ಸಂಕಟ ಬರುತ್ತದೆ, ತಡೆಯದೆ ಎಳೆದುಕೊಳ್ಳುತ್ತಾರೆ, ಒಳಗೆ ಹರಿದು ರಕ್ತವಾಗುತ್ತದೆ. ಆ ಸಂಕಟ ಶುರುವಾಗುವಾಗಲೇ ಯಾರಾದರೂ ಸಮಾಧಾನದ ಮಾತಾಡಿದರೆ? ತೊಡೆಯ ಮೇಲಿನ ಡಬ್ಬಿ ಆ ಕೆಲಸ ಮಾಡುತ್ತಿತ್ತು, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿತ್ತು. ಒಂದು ಮಾತು ಹೇಳಿ ನೋಡುವುದು, ಸ್ನಾಯು ಸಡಿಲಾದರೆ ಆ ಮಾತನ್ನು ಇಟ್ಟುಕೊಳ್ಳುವುದು, ಬಿಗಿಯಾದರೆ ಬಿಟ್ಟುಬಿಡುವುದು. ಹೀಗೆ ಸಾವಿರಾರು ರೋಗಿಗಳ ಮೇಲೆ ಅದು ಕಲಿಯಿತು. ಅದಕ್ಕೆ ನಿಜ ಯಾವುದು ಸುಳ್ಳು ಯಾವುದು ಎಂದು ಗೊತ್ತಿರಲಿಲ್ಲ. ಬಿಗಿ ಗೊತ್ತಿತ್ತು, ಸಡಿಲ ಗೊತ್ತಿತ್ತು.

ಅದಕ್ಕೆ ಮೊದಲ ಪಾಠವಾಗಿ ಬೇಕಾದದ್ದು ಒಬ್ಬ ಒಳ್ಳೆಯ ಸಿಸ್ಟರಿನ ದನಿ. ಅನಘಾ ವರ್ಷವಿಡೀ ವಾರ್ಡಿಗೆ ಬಂದಳು. ಮಧ್ಯಾಹ್ನ ಸಲೋಮಿಯ ಊಟದ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದಳು. ಅಕ್ಕಾ ಅಕ್ಕಾ ಎಂದು ಹಿಂದೆ ತಿರುಗಿದಳು. ಮಕ್ಕಳಿಲ್ಲದ ಸಲೋಮಿಗೆ ಆ ಹುಡುಗಿಯ ಮೇಲೆ ಎಷ್ಟು ಅಕ್ಕರೆ ಬಂತೆಂದರೆ, ಅವಳಿಗಾಗಿ ಎರಡು ರೊಟ್ಟಿ ಹೆಚ್ಚು ಬಡಿಯುವುದು ರೂಢಿಯಾಯಿತು.

ದನಿ ಕೇಳಿದಾಗ ಸಲೋಮಿ ಒಂದೇ ಮಾತು ಹೇಳಿದ್ದಳು. "ನಾ ಇದ್ದ ವಾರ್ಡಿನಾಗ ಅಷ್ಟ. ನಾ ಇಲ್ಲದ ಕಡೆ ನನ್ನ ದನಿ ಬ್ಯಾಡ ನೋಡವಾ."

"ಈ ರೊಟ್ಟಿ ಮ್ಯಾಲ ಆಣಿ ಅಕ್ಕಾ," ಎಂದಿದ್ದಳು ಅನಘಾ. ಅವಳ ಕೈಯಲ್ಲಿ ತುತ್ತು ಇತ್ತು. ಮನೆಗೆ ಹೋಗುವ ಡಬ್ಬಿಗಳಲ್ಲಿ ಬೇರೆ ದನಿ ಇರುತ್ತದೆಂದೇ ಸಲೋಮಿ ನಂಬಿದ್ದಳು.

ಈಗ ಆ ದನಿ ಹಳೇಹುಬ್ಬಳ್ಳಿಯ ಒಂದು ಮನೆಯಲ್ಲಿ ಕುಳಿತು, ಕಟ್ಟಿದ ನಳಿಕೆಯವನಿಗೆ ತಂಬಿಗೆ ತಂಬಿಗೆ ನೀರು ಕುಡಿಸಿತ್ತು.

ಸಲೋಮಿ ಸಮಾಧಾನವನ್ನು ಹೊರಗೆಳೆಯತೊಡಗಿದಾಗ ಡಬ್ಬಿಗೆ ಎಳೆತ ತಿಳಿಯಿತು. "ಏನೂ ಮಾಡಾಕ್ಹತ್ತಿಲ್ರಿ, ಬರೇ ಒರಸಾಕ್ಹತ್ತೀನಿ," ಎಂದಿತು. ಅವಳು ಪಟ್ಟಿ ಬಿಚ್ಚಿ ಡಬ್ಬಿಯನ್ನು ಸ್ಟೀಲಿನ ಟ್ರೇಗೆ ಎಸೆದಳು. ನಳಿಕೆಯ ತೂತು ಸುಣ್ಣದಂಥ ಕಸರಿನಿಂದ ಪೂರ್ತಿ ಮುಚ್ಚಿತ್ತು. ಉಗ್ರಾಣದ ಮೂಲೆಯಲ್ಲಿ ಉಳಿದಿದ್ದ ಹಳೆಯ ಸಾದಾ ಕ್ಯಾತಿಟರ್ ತರಿಸಿ ಹಾಕಿದಳು. ಕೀವು ಬೆರೆತ ಮೂತ್ರ ಚೀಲಕ್ಕೆ ಸುರಿಯಿತು, ವಾಸನೆಗೆ ಆಯಾ ಮೂಗು ಮುಚ್ಚಿಕೊಂಡಳು. ಹಿಂದಕ್ಕೆ ಒತ್ತಿದ ಮೂತ್ರ ಎರಡೂ ಕಿಡ್ನಿಗೆ ಪೆಟ್ಟು ಕೊಟ್ಟಿದೆ, ಉಳಿಯುತ್ತಾರೋ ಇಲ್ಲವೋ ನೋಡಬೇಕು ಎಂದು ಡಾಕ್ಟರು ಹೇಳಿ ಐಸಿಯುಗೆ ಕಳಿಸಿದರು. ಶಮೀಮ್ ಆ ಮಾತು ಕೇಳಿ ನೆಲದ ಮೇಲೆ ಕುಕ್ಕರಿಸಿ ಕೂತಳು. ಸಲೋಮಿ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟಳು. ಶಮೀಮ್ ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು.

ಆ ಸಂಜೆ ಮನೆಯಲ್ಲಿ ಸಲೋಮಿ ಹಿಟ್ಟು ನಾದಿದವಳು ರೊಟ್ಟಿ ಬಡಿಯದೆ ಕೂತಿದ್ದಳು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಗಂಡ ಪ್ರಭುದಾಸ ಎರಡು ಸಲ ಅಡುಗೆಮನೆಗೆ ಇಣುಕಿ ಹೋದ.

"ಏನಾತ?"

"ಏನಿಲ್ಲ ತಗೋರಿ. ಎಲ್ಲಾ ಚಲೋ ಐತಿ."

"ಆ ಡಬ್ಬಿ ಮಾತಾಡಿಧಂಗ ಮಾತಾಡಬ್ಯಾಡ ನನ್ನ ಕೂಡ," ಎಂದ ಪ್ರಭುದಾಸ. ಅವನು ತಮಾಷೆಗೆ ಅಂದದ್ದು. ನಡೆದದ್ದು ಅವನಿಗಿನ್ನೂ ಗೊತ್ತಿರಲಿಲ್ಲ. ಸಲೋಮಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ತನ್ನ ದನಿ ತನ್ನ ಮನೆಯಲ್ಲೇ ತನಗೆ ಹೇಸಿಗೆಯಾಗುತ್ತಿದೆ ಎಂದು ಅವನಿಗೆ ಹೇಗೆ ಹೇಳುವುದು? ಕಡೆಗೆ ಹೇಗೋ ಎಲ್ಲ ಹೇಳಿದಳು. ಪ್ರಭುದಾಸ ಕೇಳಿ, "ಆ ಹುಡುಗಿಗೆ ಗೊತ್ತಿತ್ತೇನ?" ಎಂದ.

"ಇರಾಕಿಲ್ಲ ಬಿಡ್ರಿ. ಅಕಿ ಅಂಥಾಕಿ ಅಲ್ಲ. ಮ್ಯಾಲಿನವರು ಮಾಡ್ಯಾರ."

ಹಾಗಂತ ಹೇಳುವಾಗ ಅದು ನಿಜವಾಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಮರುದಿನ ಸಲೋಮಿ ಅನಘಾಳನ್ನು ಹುಡುಕಿಕೊಂಡು ಹೋದಳು. ಕಂಪನಿಯ ಕಂಟ್ರೋಲ್ ರೂಮು ಕೈಗಾರಿಕಾ ಎಸ್ಟೇಟಿನ ಕಟ್ಟಡವೊಂದರ ಮಾಳಿಗೆಯಲ್ಲಿತ್ತು. ಗೋಡೆಯ ತುಂಬ ಪರದೆ, ಪರದೆಯ ಮೇಲೆ ಕರ್ನಾಟಕ, ಕರ್ನಾಟಕದ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಸಮಾಧಾನ ಹಾಕಿಸಿಕೊಂಡ ಒಬ್ಬ ಮನುಷ್ಯ, ಸ್ನಾಯು ಸಡಿಲವಿದ್ದಷ್ಟೂ ಹಸಿರು ಹೆಚ್ಚು. ಅದನ್ನು ನೋಡಿದಾಗ ಸಲೋಮಿಗೆ ಕೇಳಬೇಕಾದ್ದು ಅರ್ಧ ಮುಗಿದೇ ಹೋಯಿತು. ಬೀದರಿನಿಂದ ಚಾಮರಾಜನಗರದವರೆಗೆ ತಾನು ಮಾತಾಡುತ್ತಿದ್ದೇನೆ! ಅನಘಾ ಎದ್ದು ಬಂದು ಕುರ್ಚಿ ಎಳೆದಳು. ಸಲೋಮಿ ಕೂರಲಿಲ್ಲ.

"ಆ ಅಜ್ಜನ ನಳಗಿ ಕಟ್ಟಿದ್ದು ನಿಮ್ಮ ಡಬ್ಬಿಗೆ ಗೊತ್ತಾಗಿದ್ದಿಲ್ಲೇನ?"

"ಗೊತ್ತಾಗ್ಯದ ಅಕ್ಕಾ," ಎಂದಳು ಅನಘಾ. "ಒತ್ತಡ ಏರಿದ್ದು ಅಳದದ. ಆದ್ರ ಒತ್ತಡ ಏರಿದಾಗೆಲ್ಲಾ ಇಲ್ಲಿಗೆ ಸುದ್ದಿ ಬಂದ್ರ ನಮ್ಮ ಕಡೆ ಅಷ್ಟು ಮಂದಿ ಇಲ್ಲ. ಅದಕ್ಕ ಮೊದಲ ಮಾತಾಡಿ ನೋಡ್ತದ. ಸ್ನಾಯು ಸಡಲಾಗಿ, ಪೇಷಂಟೂ ಹಗುರ ಆತು ಅಂದ್ರ, ಅಲ್ಲಿಗೇ ಮುಗಸ್ತದ. ಅವ್ರಿಗೆ ಹಳೇ ಸಕ್ಕರಿ ರೋಗ, ತುಂಬಿದ್ದು ತಿಳಸೂ ನರ ಸತ್ತಾವ. ಮ್ಯಾಲ ಡ್ರೈವರ್. ಜನ್ಮಪೂರ್ತಿ ತಡಕೊಂಡು ರೂಢಿ. ನಿಮ್ಮ ದನಿ ಕೇಳಿದ್ರ ಪೂರಾ ಸಡಲಾಗ್ತಿದ್ರು."

"ಸುಳ್ಳು ಹೇಳಿ ಮಲಗಿಸೇತಿ ಅನ್ನು."

"ಸುಳ್ಳು ಅಂತ ಅದಕ್ಕ ಗೊತ್ತಿಲ್ಲ ಅಕ್ಕಾ."

"ನಿನಗ?"

ಅನಘಾ ಪರದೆಯ ಕಡೆ ತಿರುಗಿದಳು. ಪರದೆಯ ಹಸಿರು ಬೆಳಕು ಅವಳ ಕನ್ನಡಕದ ಮೇಲೆ ಬಿದ್ದು ಕಣ್ಣು ಕಾಣುತ್ತಿರಲಿಲ್ಲ.

"ವಾರ್ಡಿನಾಗ ಅಷ್ಟ ಇದ್ರ ಯಾರೂ ಕೊಳ್ಳೂದಿಲ್ಲ, ಮನೀಗೂ ಹೋಗಬೇಕು ಅಂದ್ರು. ಬ್ಯಾರೆ ದನಿ ಹಾಕಿ ನೋಡಿದ್ವಿ. ನಿಮ್ಮ ದನಿಯಷ್ಟು ಯಾವುದೂ ಕೆಲಸ ಮಾಡಲಿಲ್ಲ. ನಿಮಗ ಹೇಳಬೇಕಂತ ಎಷ್ಟೋ ಸಲ ಬಂದೆ. ಬಂದಾಗೆಲ್ಲಾ ನೀವು ಡಬ್ಬಿ ತಗದು ರೊಟ್ಟಿ ಕೊಟ್ರಿ. ಹೇಳ್ಲಿಕ್ಕೆ ಆಗ್ಲಿಲ್ಲ."

"ತಿಂದು ಹೋದಿ."

ಅನಘಾಳ ಮುಖ ಕೆಂಪಾಯಿತು. "ಹೂಂ, ತಿಂದು ಹೋದೆ," ಎಂದಳು. ಆಮೇಲೆ ಅವಳಿಗೂ ಸಿಟ್ಟು ಬಂತು. "ಒಂದು ಹೇಳ್ತೀನಿ ಅಕ್ಕಾ, ಬೇಜಾರಾಗಬ್ಯಾಡ್ರಿ. ಸುಳ್ಳು ಹೇಳೂದು ಅದಕ್ಕ ನಾ ಕಲಿಸಿಲ್ಲ. ಇನ್ನೂ ಹಾಕೇ ಇಲ್ಲ ಅಂತ ಹಾಕತಿದ್ದವರು ನೀವು. ಅದು ನಿಮ್ಮ ಕಡಿಂದ ಕಲತದ."

ಈ ಮಾತು ನಾಟಿತು. ನಾಟಬೇಕಾದ್ದೇ. ಮೂವತ್ತು ವರ್ಷ ಸಲೋಮಿ ಆ ಸುಳ್ಳನ್ನು ಒಂದು ಉಪಕಾರವೆಂದು ನಂಬಿ ಹೇಳಿದ್ದಳು, ಹುಡುಗಿಯರಿಗೆ ಕಲಿಸಿದ್ದಳು. ಅದು ಈಗಲೂ ಉಪಕಾರವೇ ಎಂದು ಅವಳಿಗೆ ಅನಿಸುತ್ತಿತ್ತು. ಆದರೆ ಅದೇ ಮಾತು ಈ ಕೋಣೆಯಲ್ಲಿ ನಿಂತು ಕೇಳಿದರೆ ಬೇರೆ ವಾಸನೆ ಹೊಡೆಯುತ್ತಿತ್ತು.

"ಹೌದವಾ, ಸುಳ್ಳು ಹೇಳತಿದ್ದೆ," ಎಂದಳು. "ನಾ ಹಂಗ ಹೇಳೂ ಮುಂದ ನಳಗಿ ನನ್ನ ಕೈಯಾಗ ಇರತಿತ್ತು. ಎಲ್ಲೆ ಅಡ್ಡ ಬಂತು ಅಂದ್ರೂ ಕೈಗೆ ತಿಳೀತಿತ್ತು, ನಿಲ್ಲಸ್ತಿದ್ದೆ. ಒಂದು ಗಳಿಗಿ ಸುಳ್ಳು ಅದು. ಮುಗದ ಮ್ಯಾಲ ಆತು ನೋಡ್ರಿ ಅಂತ ನಾನ ಖರೇ ಹೇಳತಿದ್ದೆ. ನೀ ಸುಳ್ಳು ಅಷ್ಟ ಒಯ್ದಿ. ಕೈ ಇಲ್ಲೇ ಬಿಟ್ಟು ಹೋದಿ."

"ನಿಮ್ಮ ದನಿ ತಗದುಬಿಡ್ತೀವಿ ಅಕ್ಕಾ. ಇವತ್ತ ಹೇಳ್ತೀನಿ. ಬ್ಯಾರೆಯವರದು ತಯಾರಾಗೇದ, ಬದಲ ಮಾಡ್ತೀವಿ."

"ಯಾರದು?"

ಯಾವ ಊರಿನ ಯಾವ ಸಿಸ್ಟರ್ ಡಬ್ಬಿ ಬಿಚ್ಚಿ ಇವಳಿಗೆ ಊಟ ಕೊಡುತ್ತಿದ್ದಾಳೋ ಎಂದುಕೊಂಡಳು ಸಲೋಮಿ.

ಹೊರಡುವ ಮುನ್ನ ದಸ್ತಗೀರಸಾಬರ ಚುಕ್ಕೆ ಎಲ್ಲಿದೆ ತೋರಿಸು ಎಂದಳು. ಅನಘಾ ಬೆರಳಿಟ್ಟಳು. ಅವರ ಡಬ್ಬಿ ಇನ್ನೂ ಆಸ್ಪತ್ರೆಯ ಟ್ರೇನಲ್ಲೇ ಬಿದ್ದಿತ್ತು. ಬಿಗಿಯಲು ಅಲ್ಲಿ ಯಾವ ಸ್ನಾಯುವೂ ಇರಲಿಲ್ಲ. ಇಡೀ ಪರದೆಯಲ್ಲಿ ಎಲ್ಲಕ್ಕಿಂತ ಹಸಿರಾಗಿದ್ದದ್ದು ಆ ಚುಕ್ಕೆಯೇ.

ದಸ್ತಗೀರಸಾಬರು ಉಳಿದರು. ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ, ವಾರಕ್ಕೊಮ್ಮೆ ಡಯಾಲಿಸಿಸ್ ಎಂದರು. ಐಸಿಯುನಿಂದ ವಾರ್ಡಿಗೆ ಬಂದ ದಿನ ಸಲೋಮಿ ಹತ್ತಿರ ಹೋಗಿ, "ಹೆಂಗದೀರಿ?" ಎಂದಳು. ಆ ದನಿ ಕಿವಿಗೆ ಬಿದ್ದದ್ದೇ ಅವರ ಮೈ ಹಾಸಿಗೆಯ ಮೇಲೆ ಹಲಗೆಯಾಯಿತು. ಮುಖ ಗೋಡೆಗೆ ತಿರುಗಿತು. ಡಬ್ಬಿ ಬೇರೆ, ಅವಳು ಬೇರೆ ಎಂದು ಡಾಕ್ಟರು ಹೇಳಿದರು, ಶಮೀಮಳಿಗೂ ತಿಳಿಸಿ ಹೇಳಿದರು. ಅವರಿಗೆ ತಿಳಿಯಲಿಲ್ಲವೆಂದಲ್ಲ. ತಲೆಗೆ ತಿಳಿದದ್ದು ಮೈಗೆ ತಿಳಿಯಬೇಕಲ್ಲ. ಅವರ ಮೈಗೆ ಗೊತ್ತಿದ್ದದ್ದು ಆ ದನಿ ಒಂದೇ, ಅದನ್ನು ನಂಬಿದ್ದಕ್ಕೆ ಆದದ್ದೂ ಗೊತ್ತಿತ್ತು. ಅಂದಿನಿಂದ ಸಲೋಮಿ ಅವರ ಮಂಚದ ಹತ್ತಿರ ಮಾತಾಡದೆ ಕೆಲಸ ಮಾಡಿದಳು. ಮಾತಿನಿಂದಲೇ ಬದುಕಿದ ಹೆಣ್ಣಿಗೆ ಅದೆಂಥ ಶಿಕ್ಷೆ ಎಂದು ವಾರ್ಡಿನ ಯಾರಿಗೂ ಹೊಳೆಯಲಿಲ್ಲ.

ಮುಂದಿನ ವಾರ ಸಾದಾ ನಳಿಕೆಯೂ ಕಸರು ಹಿಡಿದು ನಿಧಾನವಾಯಿತು. ಬದಲಿಸಲೇಬೇಕು, ತಡವಾದರೆ ಉಳಿದಷ್ಟು ಕಿಡ್ನಿಯೂ ಹೋಗುತ್ತದೆ. ಕಿರಿಯ ಸಿಸ್ಟರ್ ಹೋದಳು. "ಇನ್ನೂ ಹಾಕೇ ಇಲ್ರಿ ಅಜ್ಜಾ" ಎಂದು ಶುರುಮಾಡಿದಳು. ದಸ್ತಗೀರಸಾಬರು ಅವಳ ಕೈ ಕೊಸರಿ ಎದ್ದು ಕೂತರು. "ಯಾರ ಬಾಯೀನೂ ಬ್ಯಾಡ ನನಗ! ಸತ್ತರ ಸಾಯ್ತೀನಿ!" ಎಂದು ಕೂಗಿದರು. ಹುಡುಗಿ ಅಳುತ್ತ ಹೊರಗೆ ಬಂದಳು. ಅವಳಿಗೆ ಆ ಮಾತು ಕಲಿಸಿದವಳು ಸಲೋಮಿಯೇ.

ಸಲೋಮಿ ಕೈ ತೊಳೆದು ಗ್ಲೌಸ್ ಹಾಕಿ ಪರದೆಯೊಳಗೆ ಹೋದಳು. ಹೊರಗೆ ಶಮೀಮ್ ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ನಾನು, ಸಲೋಮಿ," ಎಂದಳು. ರಾಗ ಬಾರದಂತೆ, ಎಳೆಯದೆ, ಒಣ ದನಿಯಲ್ಲಿ ಹೇಳಿದಳು. "ಹಳೇದು ತಗದು ಹೊಸಾದು ಹಾಕಬೇಕು. ಹಾಕೂ ಮುಂದ ನೋವಾಗತೈತಿ. ಏನು ಮಾಡ್ತೀನೋ ಅದನ್ನ ಹೇಳ್ತೀನಿ. ಬ್ಯಾರೆ ಏನೂ ಹೇಳೂದಿಲ್ಲ."

ದಸ್ತಗೀರಸಾಬರು ಸೂರು ನೋಡುತ್ತ ಮಲಗಿದರು. ಹೊದಿಕೆಯ ಮೇಲಿನ ಕೈ ಮಾತ್ರ ತೆಗೆದರು.

"ಹಳೇದು ತಗದೆ. ಒರಸಾಕ್ಹತ್ತೀನಿ. ಈಗ ಹಾಕ್ತೀನಿ. ಒಳಗ ಹೊಂಟೈತಿ."

ಅವರು ಬಿಗಿ ಹಿಡಿದರು. ನಳಿಕೆ ಮುಂದೆ ಹೋಗಲಿಲ್ಲ. ಅವಳ ಬಾಯಿಗೆ ಆ ಹಳೆಯ ಮಾತು ತಾನಾಗಿ ಬಂತು, ನಾಲಿಗೆಯ ತುದಿಯಲ್ಲಿ ನಿಂತಿತು. ಅದೊಂದು ಅಂದಿದ್ದರೆ ಈ ನೋವು ಅರ್ಧವಾಗುತ್ತಿತ್ತು. ಹಲ್ಲು ಕಚ್ಚಿ ನುಂಗಿದಳು. "ಬಿಗಿ ಐತಿ. ಕಾಯ್ತೀನಿ," ಎಂದಳು. ಕಾದಳು. ಮತ್ತೆ ಒತ್ತಿದಳು. ಕ್ಲಚ್ಚು ತುಳಿದು ತುಳಿದು ಗಟ್ಟಿಯಾದ ಆ ಕಾಲು ಮಂಚದ ಕಂಬಿಗೆ ಬಡಿಯಿತು. "ಯಾ ಅಲ್ಲಾ!" ಎಂಬ ಕೂಗು ವಾರ್ಡಿನ ಆ ತುದಿಗೆ ಕೇಳಿತು. ತುದಿಯಲ್ಲಿ ಎರಡು ಹನಿ ರಕ್ತ ಬಂತು. ಮೂವತ್ತು ವರ್ಷದಲ್ಲಿ ಅವಳು ಇಷ್ಟು ಕೆಟ್ಟದಾಗಿ ಕ್ಯಾತಿಟರ್ ಹಾಕಿರಲಿಲ್ಲ. ಕಡೆಗೆ ಅದು ಒಳಗೆ ಹೋಯಿತು, ಮೂತ್ರ ಹರಿಯತೊಡಗಿತು.

"ಆತು. ಹಾಕಿದೆ," ಎಂದಳು ಸಲೋಮಿ.

"ಸುಳ್ಳು."

"ಖರೇ ಹೇಳ್ತೀನಿ. ಮುಗೀತು."

"ಸುಳ್ಳು ಹೇಳಬ್ಯಾಡ." ಅವರು ಇನ್ನೂ ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಕಂಬಿ ಹಿಡಿದೇ ಇದ್ದರು. ಆಮೇಲೆ ಪರದೆಯ ಕಡೆ ಕತ್ತು ಹೊರಳಿಸಿದರು. "ಶಮೀಮಾ. ಒಳಗ ಬಾ."

ಪರದೆ ಅಲುಗಲಿಲ್ಲ.

"ಬಾರವ್ವಾ. ಈ ಹೆಣ್ಮಗಳು ಹಾಕೀನಿ ಅಂತಾಳ. ನೀ ಬಂದು ನೋಡಿ ಹೇಳು."

ಪರದೆ ಅಲುಗಿತು. ಶಮೀಮ್ ಒಳಗೆ ಬಂದಳು. ಮಾವನ ಎದುರು ಎಂದೂ ತಲೆಯ ಮೇಲಿನ ಸೆರಗು ಜಾರಗೊಡದ ಹುಡುಗಿ, ಎರಡೂ ಕೈ ಬೇಕಾದ್ದರಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಸ್ತಗೀರಸಾಬರು ಕಣ್ಣು ಮುಚ್ಚಿಕೊಂಡರು. ಅವಳು ಹೊದಿಕೆ ಎತ್ತಿದಳು, ನೋಡಿದಳು, ನಳಿಕೆಯನ್ನು ಬೆರಳಿನಿಂದ ಮುಟ್ಟಿ ಚೀಲದವರೆಗೆ ಸವರಿಕೊಂಡು ಹೋದಳು. ಹೊದಿಕೆ ಮೊದಲಿನಂತೆ ಮುಚ್ಚಿದಳು.

"ಹೌದ್ರಿ ಮಾವಾ. ಹಾಕ್ಯಾರ. ಚೀಲಕ್ಕ ಬೀಳಾಕ್ಹತ್ತೈತಿ."

ಆಗ ಅವರು ಉಸಿರು ಬಿಟ್ಟರು. ಕಂಬಿ ಹಿಡಿದ ಕೈ ಬಿಟ್ಟರು. ಮುಚ್ಚಿದ ಕಣ್ಣಿನಿಂದ ನೀರಿಳಿದು ಕಿವಿಯೊಳಗೆ ಹೋಯಿತು, ಶಮೀಮ್ ಅದನ್ನು ಸೆರಗಿನಿಂದ ಒರೆಸಿದಳು. ನಳಿಕೆ ಹಿಡಿದು ನಿಂತಿದ್ದ ಸಲೋಮಿಯ ಕಡೆ ಇಬ್ಬರೂ ನೋಡಲಿಲ್ಲ.